ಜನವರಿಯಲ್ಲಿ ಊರು ನೋಡಬೇಡಿ, ಜುಲೈಯಲ್ಲಿ ನೋಡಿ

ಜನವರಿ ಬಂತೆಂದರೆ ಅಂಕೋಲಾದ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಕೆಲವರು ಔಷಧಿ ಕೇಳಲು ಬಂದಿರುವುದಿಲ್ಲ, ಊರು ಕೇಳಲು ಬಂದಿರುತ್ತಾರೆ. ನೆಂಟರ ಮದುವೆಗೆಂದು ಬಂದವರು, ಮಕ್ಕಳಿಗೆ ಸಮುದ್ರ ತೋರಿಸಲು ಬಂದವರು ವಾಪಸ್ ಹೋಗುವ ಮುನ್ನ ಒಳಗೆ ಬಂದು ಕುಳಿತು ಮೆಲ್ಲಗೆ ವಿಚಾರಿಸುತ್ತಾರೆ. "ಡಾಕ್ಟ್ರಮ್ಮ, ಹುಬ್ಬಳ್ಳಿಯ ಧೂಳು ಸಾಕಾಗಿದೆ, ಇಲ್ಲೇ ಒಂದು ಮನೆ ಹಿಡಿದರೆ ಹೇಗೆ?" "ಬೆಂಗಳೂರಿನ ಬಾಡಿಗೆ ಕೊಟ್ಟು ಸಾಕಾಯಿತು, ಕಾರವಾರ ಆಗಬಹುದೇ?" "ಯಜಮಾನರು ಗಲ್ಫ್ ಬಿಟ್ಟು ಬರುತ್ತಿದ್ದಾರೆ, ಕಾಡಿನ ಬದಿಗೆ ಕಡಿಮೆ ಬೆಲೆಗೆ ಜಾಗ ಇದೆಯಂತೆ, ತೆಗೆದುಕೊಳ್ಳಲೇ?"

ಅವರ ಆಸೆಯಲ್ಲಿ ತಪ್ಪಿಲ್ಲ. ಖರ್ಚು ಕಡಿಮೆ, ಗಾಳಿ ಶುದ್ಧ, ಮೀನು ತಾಜಾ, ಐದು ಹೊತ್ತಿನ ಬಾಂಗು ಕೇಳಿಸುವಷ್ಟು ಹತ್ತಿರ ಮಸೀದಿ. ಇಂಥ ಊರು ಯಾರಿಗೆ ಬೇಡ? ಬರಬೇಡಿ ಎನ್ನುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಬರುವ ಮೊದಲು ಯಾವ ಲೆಕ್ಕ ಹಾಕಬೇಕು ಎಂದು ಹೇಳಲು ಬರೆಯುತ್ತಿದ್ದೇನೆ. ಆ ಲೆಕ್ಕ ಹಾಕದೆ ಸಲಹೆ ಕೊಟ್ಟು ನಾನೇ ಒಮ್ಮೆ ತಪ್ಪು ಮಾಡಿದ್ದೇನೆ.

ನಾನು ಕೊಟ್ಟ ಸಲಹೆ

2024ರ ಜನವರಿಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಪತ್ನಿಯೊಂದಿಗೆ ಬಂದಿದ್ದರು. ಅರವತ್ತು ದಾಟಿದ ವಯಸ್ಸು, ಹಳೆಯ ಉಬ್ಬಸ. ಧೂಳು ಕಂಡರೆ ಕೆಮ್ಮು, ಕೆಮ್ಮಿದರೆ ಉಸಿರು ಕಟ್ಟುವುದು. ನಾಡಿ ನೋಡಿದೆ, ಎದೆಯ ಸದ್ದು ಕೇಳಿದೆ, "ಸಮುದ್ರದ ಗಾಳಿ ನಿಮಗೆ ಒಳ್ಳೆಯದು, ಬನ್ನಿ" ಎಂದುಬಿಟ್ಟೆ. ಎಲ್ಲಿ ಮನೆ ಹಿಡಿಯುತ್ತೀರಿ ಎಂದು ಕೇಳಲಿಲ್ಲ. ಗೋಡೆ ಎಂಥದು, ಮಾಡು ಎಂಥದು, ರಾತ್ರಿ ಉಸಿರು ಕಟ್ಟಿದರೆ ಯಾವ ದಾರಿಯಲ್ಲಿ ಯಾವ ಆಸ್ಪತ್ರೆಗೆ ಹೋಗುತ್ತೀರಿ ಎಂದೂ ಕೇಳಲಿಲ್ಲ.

ಅವರು ಗಂಗಾವಳಿ ನದಿಯ ಆಚೆ, ಗೋಕರ್ಣ ಕಡೆಯ ತಗ್ಗಿನಲ್ಲಿ ಒಂದು ಹಳೆಯ ಹಂಚಿನ ಮನೆ ಹಿಡಿದರು. ಬಾಡಿಗೆ ಹುಬ್ಬಳ್ಳಿಯದ್ದರ ಅರ್ಧ. ಆಗಷ್ಟೇ ಸುಣ್ಣ ಬಳಿದಿದ್ದರು. ಫೆಬ್ರವರಿ, ಮಾರ್ಚ್ ಚೆನ್ನಾಗಿಯೇ ಕಳೆಯಿತು. ಜೂನ್ ಬಂತು, ಗೋಡೆ ಬೆವರತೊಡಗಿತು. ಕಪಾಟಿನ ಹಿಂದೆ ಬೂಷ್ಟು, ಹಾಸಿಗೆಯಲ್ಲಿ ತೇವದ ವಾಸನೆ. ಮೇಷ್ಟ್ರಿಗೆ ಹುಬ್ಬಳ್ಳಿಯಲ್ಲಿ ಹಗಲು ಬರುತ್ತಿದ್ದ ಉಬ್ಬಸ ಇಲ್ಲಿ ರಾತ್ರಿ ಬರತೊಡಗಿತು.

ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತು. ಅವರು ಕುಸಿತದ ಆಚೆ, ನಾನು ಈಚೆ. ಇನ್‌ಹೇಲರ್ ಮುಗಿಯುತ್ತ ಬಂದಿತ್ತು. ಒಂದು ರಾತ್ರಿ ಅವರ ಪತ್ನಿ ಫೋನ್ ಮಾಡಿ ಏನೂ ಹೇಳದೆ ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದರು. ಆ ಸದ್ದು ಕೇಳಿದರೆ ಸಾಕಿತ್ತು. ಪಕ್ಕದ ಮನೆಯ ಹಾಲಕ್ಕಿ ಯುವಕನೊಬ್ಬ ಮಳೆಯಲ್ಲೇ ರಿಕ್ಷಾ ತೆಗೆದು ಕುಮಟಾಕ್ಕೆ ಮುಟ್ಟಿಸಿದ. ಮೇಷ್ಟ್ರು ಉಳಿದುಕೊಂಡರು, ಅಲ್ಹಮ್ದುಲಿಲ್ಲಾಹ್.

ಮಳೆಗಾಲ ಮುಗಿದ ಮೇಲೆ ಅವರು ಅಂಕೋಲಾ ಪೇಟೆಯ ಹತ್ತಿರ ಬಿಸಿಲು ಬೀಳುವ ಮಹಡಿ ಮನೆಗೆ ಬಂದರು. ಬಾಡಿಗೆ ಹೆಚ್ಚಾಯಿತು, ಉಬ್ಬಸ ಕಡಿಮೆಯಾಯಿತು. ಆ ಸಮುದ್ರ, ಆ ಗಾಳಿ ಬದಲಾಗಿರಲಿಲ್ಲ. ಬದಲಾದದ್ದು ಮನೆ ಮತ್ತು ದಾರಿ.

ಹಿಂದಿನ ಹಕೀಮರು ಊರನ್ನು ನೋಡುತ್ತಿದ್ದ ಬಗೆ

ನಾನು ಓದಿದ ವೈದ್ಯದಲ್ಲಿ ಈ ಪಾಠ ಮೊದಲ ಪುಟಗಳಲ್ಲೇ ಇದೆ. ನಾನು ಮರೆತಿದ್ದೆ ಅಷ್ಟೆ. ನಾವು ಬುಖ್ರಾತ್ ಎಂದು ಕರೆಯುವ ಹಿಪ್ಪೊಕ್ರೇಟಿಸ್‌ನ ಹೆಸರಿನಲ್ಲಿ ಗಾಳಿ, ನೀರು, ಸ್ಥಳಗಳ ಕುರಿತೇ ಒಂದು ಗ್ರಂಥವಿದೆ. ಹೊಸ ಊರಿಗೆ ಹೋದ ವೈದ್ಯ ಮೊದಲು ಅಲ್ಲಿ ಬೀಸುವ ಗಾಳಿ, ಕುಡಿಯುವ ನೀರು, ನೆಲದ ಗುಣ, ಜನರ ಬದುಕಿನ ರೀತಿ ನೋಡಬೇಕು ಎಂಬುದು ಅದರ ಸಾರ. ಇಬ್ನ್ ಸೀನಾ ತನ್ನ 'ಅಲ್ ಖಾನೂನ್' ಗ್ರಂಥದ ಮೊದಲ ಭಾಗದಲ್ಲಿ ವಾಸಸ್ಥಳಗಳನ್ನು ಎತ್ತರದ್ದು, ತಗ್ಗಿನದ್ದು, ಬೆಟ್ಟದ್ದು, ಕಡಲ ತೀರದ್ದು ಎಂದು ಬೇರೆ ಬೇರೆಯಾಗಿ ವಿವರಿಸುತ್ತಾನೆ. ಮನೆ ಆರಿಸುವವನು ನೆಲ, ನೀರು, ಗಾಳಿಯ ಜೊತೆಗೆ ಅಲ್ಲಿನ ನಿವಾಸಿಗಳ ಆರೋಗ್ಯವನ್ನೂ ತಿಳಿಯಬೇಕು ಎನ್ನುತ್ತಾನೆ. ಅವರ ಹಸಿವೆ ಹೇಗಿದೆ, ಜೀರ್ಣಶಕ್ತಿ ಹೇಗಿದೆ, ಅವರಿಗೆ ಸಾಮಾನ್ಯವಾಗಿ ಬರುವ ಕಾಯಿಲೆ ಯಾವುದು?

ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕಲು ಅಲ್ ರಾಝಿ ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ನಿಧಾನವಾಗಿ ಕೆಟ್ಟಿತೋ ಆ ಜಾಗ ಆರಿಸಿದ ಎಂಬ ಕಥೆಯೂ ಇದೆ. ನಡೆದದ್ದೋ ಕಥೆಯೋ, ಪಾಠ ಒಂದೇ: ಜಾಗವನ್ನು ಕಣ್ಣಿನಿಂದ ಮೆಚ್ಚಬೇಡ, ಪರೀಕ್ಷಿಸಿ ನೋಡು.

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎನ್ನುತ್ತೇವೆ. ಸುತ್ತಲಿನ ಗಾಳಿ, ಅನ್ನ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಉಳಿಯುವುದು ಮತ್ತು ಹೊರಹೋಗಬೇಕಾದ್ದು ಹೋಗುವುದು. ಊರು ಬದಲಿಸಿದರೆ ಈ ಆರೂ ಒಮ್ಮೆಲೇ ಬದಲಾಗುತ್ತವೆ. ಬಾಡಿಗೆ ಒಂದನ್ನೇ ಹೋಲಿಸಿ ಊರು ಆರಿಸುವವರು ಈ ಆರನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಗಾಳಿ ಹೊರಗೆ ಶುದ್ಧ, ಒಳಗೆ?

ಕಾರವಾರ, ಅಂಕೋಲಾದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಗ ಗಾಳಿಯಲ್ಲಿ ಧೂಳಿಲ್ಲ, ನಿಜ. ಆದರೆ ತೇವ ತುಂಬಿದ ಮನೆಯಲ್ಲಿ ಬೂಷ್ಟು ಬೆಳೆಯುತ್ತದೆ, ಹಾಸಿಗೆ-ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳು-ನುಸಿ ಹೆಚ್ಚುತ್ತದೆ. ಉಬ್ಬಸ, ಅಲರ್ಜಿ ಇರುವವರಿಗೆ ಇವೆರಡೂ ಶತ್ರುಗಳೇ.

ಆದ್ದರಿಂದ ಮನೆ ನೋಡಲು ಹೋದಾಗ ಹೊಸ ಸುಣ್ಣಕ್ಕೆ ಮರುಳಾಗಬೇಡಿ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನಂಥ ಪುಡಿ ಏಳುತ್ತಿದೆಯೇ ನೋಡಿ. ಕಪಾಟು ಸರಿಸಿ ಅದರ ಹಿಂದೆ ಅಂಗೈ ಇಟ್ಟು ನೋಡಿ. ಎದುರುಬದುರಾಗಿ ಕಿಟಕಿಗಳಿವೆಯೇ, ದಿನದಲ್ಲಿ ಎರಡು ಗಂಟೆಯಾದರೂ ಬಿಸಿಲು ಒಳಗೆ ಬರುತ್ತದೆಯೇ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಮಲಗುವ ಕೋಣೆ ಬಿಟ್ಟು ಬೇರೆ ಜಾಗವಿದೆಯೇ? ಮಾಲೀಕರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಹಿಂದಿನ ಮಳೆಗಾಲದಲ್ಲಿ ಆ ಮನೆಯಲ್ಲಿ ಇದ್ದವರು ಏನು ಹೇಳುತ್ತಾರೆ ಎಂಬುದನ್ನು ಕೇಳಿ.

ನೀರು ಮತ್ತು ನೆಲ

ಬಾವಿಯ ನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ. ಹೊಳೆಯ ಅಳಿವೆ, ಗಜನಿ ಭೂಮಿಯ ಬದಿಯ ಬಾವಿಗಳಲ್ಲಿ ಬೇಸಿಗೆ ಏರಿದಂತೆ ಉಪ್ಪು ಕಾಣಿಸಿಕೊಳ್ಳುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಸಣ್ಣ ಮಾತಲ್ಲ. ಮಳೆಗಾಲದಲ್ಲಿ ಸಮಸ್ಯೆ ಬೇರೆ: ನೆಲದ ನೀರು ಮೇಲೆ ಬಂದಾಗ ಶೌಚದ ಗುಂಡಿಯ ನೀರು ಬಾವಿಗೆ ಸೇರುವ ಅಪಾಯ. ಬಾವಿಗೂ ಗುಂಡಿಗೂ ಕನಿಷ್ಠ 50 ಅಡಿ ಅಂತರವಿರಲಿ, ಗುಂಡಿ ಬಾವಿಗಿಂತ ಎತ್ತರದಲ್ಲಿ ಇರದಿರಲಿ. ನಿಮ್ಮ ಗುಂಡಿ ಮಾತ್ರವಲ್ಲ, ನೆರೆಮನೆಯದ್ದನ್ನೂ ಅಳೆಯಿರಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ವುಝೂ, ಸ್ನಾನ ಎಂದು ನಮ್ಮ ಮನೆಗಳಲ್ಲಿ ನೀರಿನ ಬಳಕೆ ಹೆಚ್ಚು. ಆ ನೀರು ಎಲ್ಲಿಗೆ ಹರಿದು ಹೋಗುತ್ತದೆ ಎಂದು ನೋಡಿಕೊಳ್ಳದಿದ್ದರೆ ಹಿತ್ತಲಲ್ಲಿ ನೀವೇ ಸೊಳ್ಳೆ ಸಾಕಿದಂತೆ.

ಇನ್ನು ನೆಲ. 2009ರ ಅಕ್ಟೋಬರ್ 2ರಂದು ಕಾರವಾರ ತಾಲೂಕಿನ ಕಡವಾಡ ಬಳಿಯ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಿನಡಿ ಸತ್ತರು. ಶಿರೂರಿನಲ್ಲಿ ಗುಡ್ಡದ ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನದಿಯ ನೀರು ಎದ್ದು ಎದುರು ದಡದ ಉಳುವರೆ ಗ್ರಾಮದ ಮನೆಗಳೂ ನೆಲಕಚ್ಚಿದವು. ಅಂದರೆ ಗುಡ್ಡದ ಬುಡದಲ್ಲಿ ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಗಂಗಾವಳಿ ಉಕ್ಕಿ ಅಂಕೋಲಾದ ನದಿದಡದ ಹಳ್ಳಿಗಳಿಗೆ ನುಗ್ಗಿತು. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ನದಿಯ ಕೆಳಭಾಗದ ಹಳ್ಳಿಗಳಿಗೂ ಅದೇ ಪಾಡು.

ಅಗ್ಗದ ಮನೆ ಏಕೆ ಅಗ್ಗ ಎಂಬುದಕ್ಕೆ ಉತ್ತರ ಎಷ್ಟೋ ಸಲ ಇಲ್ಲಿದೆ. ಮನೆಯ ಹಿಂದೆ ಕಡಿದ ಧರೆ ಇದೆಯೇ? ಗುಡ್ಡದ ಮೇಲಿನ ಮರಗಳು, ವಿದ್ಯುತ್ ಕಂಬಗಳು ವಾಲಿವೆಯೇ? ಗೋಡೆಯಲ್ಲಿ ನೆರೆನೀರಿನ ಗುರುತಿದೆಯೇ? ಪ್ರವಾಹದ ನೀರು ಅಂಗಳದ ಯಾವ ಮೆಟ್ಟಿಲಿನವರೆಗೆ ಬಂದಿತ್ತು ಎಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ಅವರು ಬೆರಳಿಟ್ಟು ತೋರಿಸುತ್ತಾರೆ.

ನೆರೆಯ ಬೆನ್ನಿಗೇ ಬರುವುದು ಇಲಿ ಜ್ವರ. ಕಾಲಿನ ಬಿರುಕಿನೊಂದಿಗೆ ಕೆಸರು ನೀರಿನಲ್ಲಿ ಓಡಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನನ್ನ ಜೋಶಾಂದಕ್ಕೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಕಾಡಿನ ಅಂಚು

ಘಟ್ಟದ ಬುಡದ ತಂಪು ಮನಸ್ಸಿಗೆ ಹಿತ. ಆದರೆ ಅಲ್ಲಿನ ನಿಯಮಗಳೇ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ತಾಲೂಕುಗಳಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈ ತುಂಬ ಬಟ್ಟೆ ತೊಡಬೇಕು, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಬೇಕು, ತರಗೆಲೆಯ ಮೇಲೆ ಕೂರಬಾರದು, ಸತ್ತ ಮಂಗ ಕಂಡರೆ ಕೂಡಲೇ ತಿಳಿಸಬೇಕು.

ಹಾವಿನ ವಿಷಯವೂ ಹಾಗೆಯೇ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ 4 ಹಾವುಗಳ ವಿಷಕ್ಕೆ ತಯಾರಾದದ್ದು. ಹಾವು ಕಚ್ಚಿದರೆ ಮಂತ್ರವಾದಿ, ನಾಟಿ ಔಷಧಿ ಎಂದು ಅಲೆಯುವ ಸಮಯವಿಲ್ಲ. ಪ್ರತಿವಿಷ ಇರುವ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಮನೆ ಹಿಡಿಯುವ ಮೊದಲೇ ತಿಳಿದಿರಬೇಕು.

ಇನ್ನೊಂದು ಮಾತು. ಉತ್ತರ ಕನ್ನಡದ ಬಹುಭಾಗ ಅರಣ್ಯ. ಕಾಡಿನ ಬದಿಗೆ ತೀರಾ ಕಡಿಮೆ ಬೆಲೆಗೆ ಸಿಗುವ ಜಾಗ ಅತಿಕ್ರಮಣದ್ದಾಗಿರಬಹುದು. ಪಹಣಿ ನೋಡದೆ ಮುಂಗಡ ಕೊಡಬೇಡಿ. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಕೇಣಿಯಲ್ಲಿ ಬಂದರು ಎಂಬ ಯೋಜನೆಗಳಿವೆ. ಕೊಳ್ಳುವ ಜಾಗ ಭೂಸ್ವಾಧೀನದ ಗಡಿಯೊಳಗೆ ಬರುತ್ತದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಇದ್ದಬದ್ದ ಉಳಿತಾಯ ಹಾಕಿ ಆಮೇಲೆ ರಾತ್ರಿ ನಿದ್ದೆ ಕಳೆದುಕೊಳ್ಳುವುದೂ ಒಂದು ಕಾಯಿಲೆಯೇ.

ಆಸ್ಪತ್ರೆಯ ದೂರವೂ ಬಾಡಿಗೆಯೇ

ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಂಕೋಲಾದಲ್ಲಿ ತಾಲೂಕು ಆಸ್ಪತ್ರೆ. ಎರಡರ ನಡುವೆ ಸುಮಾರು 35 ಕಿಲೋಮೀಟರ್. ಆದರೆ ಹೃದಯ, ಮೆದುಳಿನ ದೊಡ್ಡ ಚಿಕಿತ್ಸೆಗೆ ಇಲ್ಲಿನ ಜನ ಇಂದಿಗೂ ಹೆಚ್ಚಾಗಿ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರಿಗೆ ಓಡುತ್ತಾರೆ. ಅಂಕೋಲಾದಿಂದ ಹುಬ್ಬಳ್ಳಿಗೆ ಘಟ್ಟ ಹತ್ತಿ ಹೋಗಬೇಕು. ಆ ದಾರಿಯ ಅರಬೈಲ್ ಘಟ್ಟದಲ್ಲೂ 2021ರ ಜುಲೈಯಲ್ಲಿ ಗುಡ್ಡ ಕುಸಿದಿತ್ತು. ಹುಬ್ಬಳ್ಳಿ-ಅಂಕೋಲಾ ರೈಲು ದಶಕಗಳಿಂದ ಕಾಗದದಲ್ಲೇ ಇದೆ. ಗೋವಾ ಕಡೆಗೆ ಹೋಗುವಾಗ ದಾಟಬೇಕಾದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು. ಹೊಸ ಸೇತುವೆ ಇದ್ದುದರಿಂದ ದಾರಿ ಪೂರ್ತಿ ಕಡಿಯಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಬಳಿ ಮಳೆಯಲ್ಲಿ ಜಾರಿ ಉರುಳಿ 4 ಜನ ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಇನ್ನಷ್ಟು ಜೋರಾಯಿತು.

ಈಗ ಲೆಕ್ಕ ಹಾಕಿ. ಬಾಡಿಗೆಯಲ್ಲಿ ತಿಂಗಳಿಗೆ 3,000 ರೂಪಾಯಿ ಉಳಿದರೆ ವರ್ಷಕ್ಕೆ 36,000. ಮನೆಯಲ್ಲಿ ಹೃದ್ರೋಗಿ ಇದ್ದು ತಿಂಗಳಿಗೆ ಎರಡು ಸಲ ಮಣಿಪಾಲಕ್ಕೆ ಹೋಗಿಬರಬೇಕಾದರೆ ಪ್ರತಿ ತಿಂಗಳು 700 ಕಿಲೋಮೀಟರಿನಷ್ಟು ಪ್ರಯಾಣ. ಜೊತೆಗೆ ಹೋಗುವ ಮಗನ ಎರಡು ದಿನದ ದುಡಿಮೆ ಬೇರೆ. ಉಳಿಸಿದ ಹಣ ದಾರಿಯಲ್ಲೇ ಕರಗುತ್ತದೆ. ಗಡಿ ದಾಟಿ ಗೋವಾಕ್ಕೆ ಹೋಗುವುದಾದರೆ ನಿಮ್ಮ ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದೂ ಮೊದಲೇ ಕೇಳಿಕೊಳ್ಳಿ.

ಅಂಕೋಲಾದ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಔಷಧಿಗೆ ದೂರದೂರದವರೆಗೆ ಹೆಸರಾದ ಊರು. ಗಿಡಮೂಲಿಕೆಯ ಮೇಲೆ ನನಗೂ ಗೌರವವಿದೆ, ನನ್ನ ಅನ್ನವೂ ಅದರಿಂದಲೇ. ಆದರೆ ಮುಖ ವಾಲಿ, ಕೈ ಬಿದ್ದು, ಮಾತು ತೊದಲಿದರೆ ಮೊದಲ ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಬೇಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ಅಷ್ಟೇ. ಎದೆನೋವಿಗೂ ಇದೇ ಮಾತು. ಹಕೀಮರ ಮನೆಗೆ ಬರುವುದು ಆಮೇಲೆ.

ಮನೆಗಿಂತ ಮೊದಲು ನೆರೆಮನೆ

ಅರಬ್ಬಿಯಲ್ಲಿ ಹೀಗೊಂದು ಗಾದೆ ಇದೆ. ಮೇಷ್ಟ್ರ ಜೀವ ಉಳಿಸಿದ್ದು ನನ್ನ ಔಷಧಿ ಅಲ್ಲ, ನೆರೆಮನೆಯ ರಿಕ್ಷಾ. ಅವರ ಪತ್ನಿಯ ಕಷ್ಟ ಮಾತ್ರ ಬಹಳ ದಿನ ಯಾರಿಗೂ ತಿಳಿಯಲಿಲ್ಲ. ಹುಬ್ಬಳ್ಳಿಯಲ್ಲಿ ಓಣಿ ತುಂಬ ಮಾತಾಡುವವರು. ಇಲ್ಲಿ ದಖನಿಯಲ್ಲಿ ಎರಡು ಮಾತಾಡಲು ಯಾರೂ ಇರಲಿಲ್ಲ. ನಿದ್ದೆ ಬರುತ್ತಿಲ್ಲ, ಹಸಿವಿಲ್ಲ ಎಂದು ಬಂದಾಗ ನಾನು ಹೊಟ್ಟೆ ಮುಟ್ಟಿ ನೋಡಿದೆ. ಕಾಯಿಲೆ ಹೊಟ್ಟೆಯಲ್ಲಿರಲಿಲ್ಲ. ಊರು ಬದಲಿಸುವ ನಿರ್ಧಾರ ಹೆಚ್ಚಾಗಿ ಗಂಡಸರದ್ದು, ಇಡೀ ದಿನ ಆ ಊರಿನಲ್ಲಿ ಇರಬೇಕಾದವರು ಹೆಂಗಸರು ಮತ್ತು ಮುದುಕರು. ಅವರನ್ನು ಕೇಳದೆ ಆರಿಸಿದ ಊರು ಅವರ ಆರೋಗ್ಯಕ್ಕೆ ಒಗ್ಗುವುದಿಲ್ಲ.

ಇನ್ನೊಂದನ್ನು ನೆನಪಿಡಿ. ಇಲ್ಲಿನ ನಿಮ್ಮ ನೆರೆಯವರಲ್ಲಿ ತಾವಾಗಿ ಊರು ಆರಿಸದವರೂ ಇರಬಹುದು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾದ ಕಡಲತೀರದ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟವು, ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದವು. ಊರನ್ನು ಆರಿಸಿಕೊಳ್ಳುವ ಅವಕಾಶ ಅಲ್ಲಾಹನು ನಿಮಗೆ ಕೊಟ್ಟಿದ್ದಾನೆ. ಅಂಥವರ ನಡುವೆ ಬರುವಾಗ ಜಾಗದ ಬೆಲೆ ಕೇಳುವ ಮೊದಲು ಅವರ ಕ್ಷೇಮ ಕೇಳಿ. ಯಾವ ಹಳ್ಳ ಉಕ್ಕುತ್ತದೆ, ಯಾವ ಬಾವಿ ಸಿಹಿ ಎಂಬುದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನನ್ನ ಅಭಿಪ್ರಾಯ

ಮನೆಯಲ್ಲಿ ಅತಿ ದುರ್ಬಲರು ಯಾರೋ ಅವರ ದೇಹಕ್ಕೆ ಒಗ್ಗುವ ಊರನ್ನು ಆರಿಸಿ, ಅತಿ ಗಟ್ಟಿಗರ ಜೇಬಿಗೆ ಒಗ್ಗುವುದನ್ನಲ್ಲ.

ಹೃದಯ, ಮೂತ್ರಪಿಂಡದ ಕಾಯಿಲೆಯ ಹಿರಿಯರು, ಗರ್ಭಿಣಿ, ಹಸುಗೂಸು ಇರುವ ಮನೆಯವರು ಕಾರವಾರ ಪೇಟೆಯೊಳಗೇ ಇರಿ. ನೌಕಾನೆಲೆ ಮತ್ತು ಕೈಗಾದ ನೌಕರರಿಂದಾಗಿ ಅಲ್ಲಿ ಮನೆಗಳಿಗೆ ಬೇಡಿಕೆ ಹೆಚ್ಚು, ಬಾಡಿಗೆಯೂ ಹೆಚ್ಚು. ಚಿಕ್ಕ ಮನೆಯಾದರೂ ಸರಿ, ಆಸ್ಪತ್ರೆ ಹತ್ತಿರವಿರಲಿ. ಆರೋಗ್ಯವಂತ ದಂಪತಿ, ಓಡಾಡುವ ವಯಸ್ಸಿನ ಮಕ್ಕಳು, ಕಡಿಮೆ ಆದಾಯ ಎಂದಾದರೆ ಅಂಕೋಲಾ ಪೇಟೆ ಅಥವಾ ಅದರ ಸುತ್ತಲಿನ ನೀರು ನಿಲ್ಲದ, ಧರೆಯಿಂದ ದೂರವಿರುವ ಎತ್ತರದ ಜಾಗ ಒಳ್ಳೆಯದು. ಕಾಡಿನ ಅಂಚು ಗಟ್ಟಿ ದೇಹದವರಿಗೆ, ಸ್ವಂತ ವಾಹನ ಇರುವವರಿಗೆ, ಮಳೆಗಾಲದಲ್ಲೂ ಮುಚ್ಚದ ರಸ್ತೆ ಇದ್ದರೆ ಮಾತ್ರ. ಪದೇ ಪದೇ ದೊಡ್ಡ ಆಸ್ಪತ್ರೆ ಬೇಕಾಗುವ ರೋಗಿ ಇದ್ದರೆ ಈಗಿರುವ ಊರಿನಲ್ಲೇ ಧೂಳು ಕಡಿಮೆ ಇರುವ ಓಣಿ ಹುಡುಕುವುದು ಮೇಲು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಯಾರೇ ಆಗಲಿ, ಕೊಳ್ಳುವ ಮೊದಲು ಒಂದು ಪೂರ್ತಿ ಮಳೆಗಾಲ ಬಾಡಿಗೆಗೆ ಇದ್ದು ನೋಡಿ. ಅದು ಆಗದಿದ್ದರೆ ಜುಲೈಯಲ್ಲಿ ಹದಿನೈದು ದಿನವಾದರೂ ಬಂದು ಇರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಸಿಗದ ದಿನಗಳ ಸಂತೆಯ ಖರ್ಚು ನೋಡಿ. ಕರೆಂಟು ಹೋದ ರಾತ್ರಿ ನೆಬುಲೈಸರ್ ನಡೆಯುತ್ತದೆಯೇ ನೋಡಿ. ಒಂದು ರಾತ್ರಿ ಗಡಿಯಾರ ಹಿಡಿದು ಮನೆಯಿಂದ ಆಸ್ಪತ್ರೆಯ ಬಾಗಿಲಿನವರೆಗೆ ಹೋಗಿ ಬನ್ನಿ. ಮಗು ಶಾಲೆಗೆ, ಮದ್ರಸಕ್ಕೆ ಹೋಗುವ ದಾರಿಯಲ್ಲಿ ಹಳ್ಳ ಉಕ್ಕುತ್ತದೆಯೇ ನೋಡಿ.

ಮೊನ್ನೆಯೂ ಒಬ್ಬರು ಬಂದು ಊರಿನ ಬಗ್ಗೆ ಕೇಳಿದರು. ಸಮುದ್ರದ ಗಾಳಿಯ ಬಗ್ಗೆ ನಾನು ಏನೂ ಹೇಳಲಿಲ್ಲ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರಿಗೆ ಯಾವ ಕಾಯಿಲೆ ಎಂದು ಬರೆದುಕೊಂಡೆ. ಕೊನೆಗೆ, "ಜುಲೈಯಲ್ಲಿ ಬನ್ನಿ. ಕೊಡೆ ತನ್ನಿ, ಮನೆಯವರನ್ನೂ ಕರೆತನ್ನಿ. ಮನೆ ನೋಡಲು ನಾನೂ ಜೊತೆಗೆ ಬರುತ್ತೇನೆ, ಇನ್ಶಾ ಅಲ್ಲಾಹ್" ಎಂದು ಹೇಳಿ ಕಳಿಸಿದೆ.